ಗಡ್ಡ ತೆಗೆದ ಗರುಡಜ್ಜ

ಹುಣಸೂರಿನಲ್ಲಿ ನಮ್ಮ ಅಬ್ಬಾ ಶಂಶುದ್ದೀನ್ ನಡೆಸುವ ಕೇಬಲ್ ಚಾನೆಲ್‌ಗೆ ಇದ್ದದ್ದು ಒಂದೇ ಧಾರಾವಾಹಿ. ಅದಕ್ಕೆ ಕ್ಯಾಮೆರಾ ಹಿಡಿಯುವವಳು ನಾನು, ಶಾಜಿಯಾ. ಹಾವು ಕಚ್ಚಿದರೆ ಮಂತ್ರ ಹಾಕಿಸುತ್ತ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ ಎಂದು ಜನರಿಗೆ ಹೇಳುವುದೇ ಅದರ ಉದ್ದೇಶ. ಬರೀ ಉಪದೇಶ ಮಾಡಿದರೆ ಯಾರೂ ನೋಡುವುದಿಲ್ಲವೆಂದು ಅಬ್ಬಾ ಅದರೊಳಗೆ ಒಬ್ಬ ಢೋಂಗಿ ಮಂತ್ರವಾದಿಯನ್ನು ಸೇರಿಸಿದರು. ಅವನ ಹೆಸರು ಗರುಡಜ್ಜ. ಆ ಪಾತ್ರ ಮಾಡಿದವರು ರಾವಂದೂರು ಕಡೆಯ ರೈತ ಮಂಚಯ್ಯ.

ಮಂಚಯ್ಯನವರು ಹೊಗೆಸೊಪ್ಪು, ರಾಗಿ ಬೆಳೆದುಕೊಂಡು ಇದ್ದವರು. ನಾಟಕದ ಹುಚ್ಚು ಹುಡುಗಾಟದ ಕಾಲದಿಂದಲೂ ಇತ್ತು. ಆದರೆ ಊರಿನ ನಾಟಕಗಳಲ್ಲಿ ಅವರಿಗೆ ಸಿಗುತ್ತಿದ್ದದ್ದು ದ್ವಾರಪಾಲಕನ ಪಾತ್ರ. ಭರ್ಜಿ ಹಿಡಿದು ನಿಲ್ಲುವುದು, ರಾಜ ಬಂದಾಗ ಬಾಗುವುದು, ಅಷ್ಟೇ. "ಅಷ್ಟಗಲ ಮೀಸೆ ಬುಟ್ಕಂಡು ಬಾಗ್ಲು ಕಾಯಾಕೆ ಓಯ್ತರೆ" ಎಂದು ಹೆಂಡತಿ ಸೋಮಮ್ಮ ಊರೆಲ್ಲ ಹೇಳಿಕೊಂಡು ನಗುತ್ತಿದ್ದರಂತೆ. ಅಂಥವರಿಗೆ ತಲೆ ನರೆತ ಮೇಲೆ ಮಾತಿರುವ ಪಾತ್ರ ಸಿಕ್ಕಿತು. ಕೇಳಬೇಕೆ? ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲ. ಬಿಳಿ ಗಡ್ಡ ಅಂಟಿಸಿಕೊಂಡು, ಕಣ್ಣು ಗುಡ್ಡೆ ತಿರುಗಿಸಿ, "ಉಫ್" ಎಂದು ಊದಿದರೆ ನಗು ತಡೆಯಲಾರದೆ ನನ್ನ ಕೈಯಲ್ಲಿ ಕ್ಯಾಮೆರಾ ಕುಣಿಯುತ್ತಿತ್ತು.

ಪ್ರತಿ ಕಂತಿನಲ್ಲೂ ಗರುಡಜ್ಜನ ಮಂತ್ರ ಕೆಟ್ಟು, ಕೊನೆಗೆ ಆಶಾ ಕಾರ್ಯಕರ್ತೆ ಬಂದು ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕು. ಆಶಾ ಪಾತ್ರ ನಮ್ಮ ಬೀದಿಯಲ್ಲೇ ರವಿಕೆ ಹೊಲಿಯುವ ಶಾಂತಲಾಳದು. ಪಾಪ, ಅವಳ ಬಾಯಿಗೆ ಬರೀ ಬುದ್ಧಿಮಾತು. ಗುಲಾಬಿ ಸೀರೆ ಕಂಡ ಕೂಡಲೇ ಜನ ನೀರು ಕುಡಿಯಲು ಎದ್ದು ಹೋಗುತ್ತಿದ್ದರು. ಅಜ್ಜ ಬಂದಾಗ ಮಾತ್ರ ರೆಪ್ಪೆ ಬಡಿಯುತ್ತಿರಲಿಲ್ಲ. ಕೊಪ್ಪದ ಸಂತೆಯಲ್ಲಿ ಮಂಚಯ್ಯನವರನ್ನು ನಿಲ್ಲಿಸಿ ಟೀ ಕುಡಿಸಿ, ಮಗುವಿನ ತಲೆ ಮೇಲೆ ಉಫ್ ಅನ್ನಿಸಿಕೊಳ್ಳುತ್ತಿದ್ದರು. ಅವರೂ ಉಬ್ಬಿಹೋಗಿ ಊದಿಯೇ ಊದುತ್ತಿದ್ದರು. ನಮಗೂ ಅದು ತಮಾಷೆಯಾಗಿಯೇ ಕಂಡಿತು.

ಒಂದು ಮಧ್ಯಾಹ್ನ ಮಂಚಯ್ಯನವರ ಮನೆ ಜಗಲಿಯಲ್ಲೇ ಚಿತ್ರೀಕರಣ ನಡೆದಿತ್ತು. ಸೆಕೆ ತಾಳಲಾರದೆ ಅವರು ಗಡ್ಡ ಬಿಚ್ಚಿಟ್ಟು ಮಜ್ಜಿಗೆ ಕುಡಿಯುತ್ತಿದ್ದರು. ಅಷ್ಟರಲ್ಲಿ ಒಂದು ಗೂಡ್ಸ್ ಆಟೋ ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಓಡಿಸುತ್ತಿದ್ದವನು ಇಳಿದು ಮಂಚಯ್ಯನವರ ಕಾಲು ಹಿಡಿದ. ಕೊಪ್ಪದ ಕಡೆಯ ಗುರುಮಲ್ಲಪ್ಪನಂತೆ. ಗಾಡಿಯ ಹಿಂಭಾಗದಲ್ಲಿ ಅವನ ಹೆಂಡತಿ ಮಂಗಳಮ್ಮ ಮಲಗಿದ್ದಳು. ಕಾಲಿಗೆ ಹಗ್ಗ ಬಿಗಿದಿದ್ದರು, ಪಾದ ಊದಿತ್ತು.

"ಅಜ್ಜಾ, ಶುಂಠಿ ವಲ್ದಲ್ಲಿ ಆವು ಕಚ್ಬುಡ್ತು. ನೀವೇ ದಿಕ್ಕು."

ಮಂಚಯ್ಯನವರು ಲೋಟ ಕೆಳಗಿಟ್ಟು ಕಾಲು ಬಿಡಿಸಿಕೊಂಡರು. "ಅಯ್ಯೋ, ನಾನು ಮಂತ್ರವಾದಿ ಅಲ್ಲ ಕಣಪ್ಪಾ! ಅದು ಟೀವಿ ನಾಟ್ಕ. ಬ್ಯಾಗ ಆಸ್ಪತ್ರೆಗೆ ಕರ್ಕೊಂಡೋಗು."

"ದೊಡ್ಡೋರು ಇಂಗೇ ಯೋಳೋದು. ನಮ್ಮನ್ನ ಪರೀಕ್ಷೆ ಮಾಡ್ಬ್ಯಾಡಿ ಅಜ್ಜಾ."

ಕೊಪ್ಪದಿಂದ ಇಲ್ಲಿಗೆ ಬರಬೇಕೆಂದರೆ ಪಿರಿಯಾಪಟ್ಟಣ ದಾಟಿಯೇ ಬರಬೇಕು. ಅಂದರೆ ಅಲ್ಲಿನ ಆಸ್ಪತ್ರೆಯ ಗೇಟಿನ ಮುಂದೆಯೇ ಈ ಗಾಡಿ ಹಾದು ಬಂದಿದೆ! ಅಷ್ಟೂ ಕಂತು ತೆಗೆದ ನನಗೆ ಕ್ಯಾಮೆರಾ ಎತ್ತಿ ನೆಲಕ್ಕೆ ಕುಕ್ಕುವಷ್ಟು ಸಿಟ್ಟು ಬಂತು. ಶಾಂತಲಾ ಮುಂದೆ ಬಂದು, ಒಂದೊಂದು ಗಳಿಗೆಯೂ ಮುಖ್ಯ ಎಂದು ಹೇಳಲು ಹೋದಳು. ಗುರುಮಲ್ಲಪ್ಪ ಅವಳ ಸೀರೆ ನೋಡಿದವನೇ, "ನೀವು ಸುಮ್ಕಿರಿ ತಾಯಿ, ಟೀವೀಲೂ ನಿಮ್ದು ಇದೇ ಗೋಳು" ಎಂದು ತಳ್ಳಿಹಾಕಿದ. ಮಂಗಳಮ್ಮನ ಕಣ್ಣುರೆಪ್ಪೆ ಜೋತುಬೀಳುತ್ತಿತ್ತು.

ಮಂಚಯ್ಯನವರು ಅವಳ ಮುಖ ನೋಡಿದರು. ಗಡ್ಡ ಎತ್ತಿ ಅಂಟಿಸಿಕೊಂಡರು. ಕಣ್ಣು ಗುಡ್ಡೆ ತಿರುಗಿತು.

"ಲೇ ಗುರುಮಲ್ಲಾ! ಮಂತ್ರ ಆಕ್ತೀನಿ, ಆದ್ರೆ ಅದು ಇಡಿಯೋದು ಸರ್ಕಾರಿ ಸೂಜಿ ತುದೀಲಿ. ಅಲ್ಲೀಗಂಟ ಇವ್ಳು ಒಂದೆಜ್ಜೆ ಇಡಂಗಿಲ್ಲ. ಕಾಲು ಅಲ್ಲಾಡುದ್ರೆ ಮಂತ್ರ ಚೆಲ್ಲೋಯ್ತದೆ. ಅಗ್ಗ ನೀನು ಮುಟ್ಬ್ಯಾಡ, ಡಾಕ್ಟ್ರೇ ಬಿಚ್ಬೇಕು. ತಿರುಗ್ಸು ಗಾಡಿಯ!"

ಗಾಡಿ ತಿರುಗಿತು. ಕಾಲಿಗೆ ಒಂದು ಹಲಗೆ ಆಸರೆ ಕೊಟ್ಟು ಕಟ್ಟಿ, ಅಜ್ಜ ಹಿಂದೆ ಹತ್ತಿ ಕೂತರು. ನಾನೂ ಹತ್ತಿದೆ. ದಾರಿಯುದ್ದಕ್ಕೂ ಏನೋ ಗೊಣಗುತ್ತಲೇ ಇದ್ದರು. ಕಿವಿಗೊಟ್ಟು ಕೇಳಿದರೆ, ಮೈಸೂರಿನ ಬಸ್ಸು ನಿಲ್ಲುವ ಊರುಗಳ ಹೆಸರು! ಇಲವಾಲ, ಬಿಳಿಕೆರೆ, ಹುಣಸೂರು ಎಂದು ಹೋಗಿ, ತಿರುಗಿ ಬರುತ್ತಿದ್ದರು. ಇನ್ನೊಂದು ಹೊತ್ತಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಆಸ್ಪತ್ರೆಯವರು ತಡಮಾಡದೆ ಇಂಜೆಕ್ಷನ್ ಕೊಟ್ಟರು. ಮಂಗಳಮ್ಮ ಉಳಿದಳು.

ಉಳಿದಳಲ್ಲ ಎಂದು ನಾವು ಉಸಿರುಬಿಟ್ಟರೆ, ಗುರುಮಲ್ಲಪ್ಪ ಊರೂರಿಗೆ ಹೋಗಿ ಅಜ್ಜನ ಮಂತ್ರದ ಮಹಿಮೆ ಸಾರಿಬಿಟ್ಟ. ಇಂಜೆಕ್ಷನ್ನಿನ ಸುದ್ದಿಯೇ ಇಲ್ಲ. ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆಯಿಂದಲೂ ಜನ ಮಂಚಯ್ಯನವರ ವಿಳಾಸ ಕೇಳಿ ಆಫೀಸಿಗೆ ಫೋನ್ ಮಾಡತೊಡಗಿದರು. ಅಬ್ಬಾಗೆ ಖುಷಿಯೋ ಖುಷಿ. ಧಾರಾವಾಹಿ ಇಷ್ಟು ಹೆಸರು ಮಾಡುತ್ತದೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಮಂಚಯ್ಯನವರು ಹುಣಸೂರಿಗೆ ಬಂದು ಅಬ್ಬಾನ ಎದುರು ಕೂತರು.

"ಸಾಹೇಬ್ರೇ, ಗರುಡಜ್ಜಂಗೆ ಆವು ಕಚ್ಚುಸ್ಬುಡಿ."

"ಅಜ್ಜನೇ ಇಲ್ಲ ಅಂದ್ರೆ ಯಾರು ನೋಡ್ತಾರೆ ಮಂಚಯ್ಯನೋರೇ? ಇಂಥಾ ಪಾತ್ರ ನಿಮಗೆ ಮತ್ತೆ ಸಿಗುತ್ತಾ?"

"ಸಿಗಾಕಿಲ್ಲ, ಗೊತ್ತು. ಈ ಪಾತ್ರ ಅಂದ್ರೆ ನಂಗೆ ಪ್ರಾಣ ಕಣ್ರೀ. ಆದ್ರೆ ಇನ್ನೊಬ್ಳು ಮಂಗಳಮ್ಮ ಆಸ್ಪತ್ರೆ ದಾಟ್ಕಂಡು ಬಂದು ನನ್ನ ಜಗಲೀಲಿ ಜೀವ ಬುಟ್ರೆ, ಆ ಪಾತ್ರ ಮಡಿಕ್ಕೊಂಡು ಏನ್ಮಾಡ್ಲಿ?"

ಅಬ್ಬಾ ವಾದ ಬಿಟ್ಟು ನನ್ನ ಕಡೆ ತಿರುಗಿ, ಬ್ಯಾಟರಿ ಚಾರ್ಜ್ ಮಾಡು ಎಂದರು.

ಕೊನೆಯ ಕಂತು ತೆಗೆದೆವು. ಅಜ್ಜನಿಗೆ ಹಾವು ಕಚ್ಚಿತು, ಮಂತ್ರ ಕೈಕೊಟ್ಟಿತು, ಅಜ್ಜ ಶಾಂತಲಾಳ ಮುಂದೆ ಕೈಮುಗಿದ. ಬರೆದುಕೊಂಡದ್ದು ಅಲ್ಲಿಗೇ ಮುಗಿದಿತ್ತು. ಆದರೆ ಮಂಚಯ್ಯನವರು ಕ್ಯಾಮೆರಾದ ಹತ್ತಿರ ಬಂದು ಚರ್‌ ಎಂದು ಗಡ್ಡ ಕಿತ್ತರು. ಗಲ್ಲ ಕೆಂಪಾಗಿತ್ತು. "ನಾನು ಮಂಚಯ್ಯ, ವಗೆಸೊಪ್ಪು ಬೆಳೆಯೋನು. ನಂಗೆ ಯಾವ ಮಂತ್ರಾನೂ ಬರಾಕಿಲ್ಲ. ಮಂಗಳಮ್ಮನ್ನ ಉಳ್ಸಿದ್ದು ಆಸ್ಪತ್ರೆ ಇಂಜಕ್ಸನ್ನು. ನಾನು ದಾರೀಲಿ ಯೋಳಿದ್ದು ಬರೀ ಬಸ್ ಸ್ಟಾಪಿನ ಎಸ್ರು" ಎಂದರು. ನಾನು ಕ್ಯಾಮೆರಾ ನಿಲ್ಲಿಸಲಿಲ್ಲ.

ಶನಿವಾರ ಸಂಜೆ ಅದನ್ನು ಅವರ ಮನೆಯಲ್ಲೇ ಕೂತು ನೋಡಿದೆವು. ಮುಗಿಯುತ್ತಿದ್ದ ಹಾಗೆ ಮಂಚಯ್ಯನವರ ಫೋನು ಬಡಿದುಕೊಂಡಿತು. ಸ್ಪೀಕರ್ ಹಾಕದೆ ಮಾತಾಡಿ ಅವರಿಗೆ ಅಭ್ಯಾಸವಿಲ್ಲ. ಆ ಕಡೆಯಿಂದ ಗುರುಮಲ್ಲಪ್ಪ ಗುಡುಗಿದ.

"ಮೋಸ ಮಾಡ್ಬುಟ್ರಲ್ಲ! ದೇವ್ರಂಗೆ ನಂಬಿದ್ದೆ ನಿಮ್ಮ."

"ಊಂ ಕಣಪ್ಪಾ, ಮಾಡ್ದೆ."

ಬೈಗುಳ ಬರುತ್ತದೆಂದು ನಾವು ಕಾದೆವು. ಬರಲಿಲ್ಲ. ಅವನ ದನಿ ಒಡೆದು ಹೋಗಿತ್ತು.

"ಅಂಗಾರೆ ಆಸ್ಪತ್ರೆ ಗೇಟು ದಾಟ್ಕಂಡೇ ಬಂದ್ನಲ್ಲ. ಗಾಡಿ ಓಡಿಸ್ತಿದ್ದೋನು ನಾನೇ... ನಾನೇ ಅವ್ಳ ಕೊಂದ್ಬುಡ್ತಿದ್ನಲ್ಲ."

ಮಂಚಯ್ಯನವರು ಫೋನನ್ನು ಬಾಯಿಯ ಹತ್ತಿರಕ್ಕೆ ತಂದುಕೊಂಡರು.

"ಮಂಗಳಮ್ಮ ಏನ್ಮಾಡ್ತಾವ್ಳೆ?"

"ಉಣ್ತಾ ಅವ್ಳೆ."

"ಓಗು, ಅವ್ಳ ಜೊತೇಲಿ ಕೂತ್ಕಂಡು ನೀನೂ ಉಣ್ಣು."