ಮೋಟಾರಕ್ಕನ ಗಂಡ

ಮೂವತ್ತನಾಲ್ಕು ವರ್ಷ ಗಣಿತ ಪಾಠ ಮಾಡಿದವನು ನಾನು. ದಾರಿಯಲ್ಲಿ ಎದುರಾದವರು ಸೈಕಲ್ ಇಳಿದು ನಮಸ್ಕಾರ ಹೇಳುತ್ತಿದ್ದರು. ನಿವೃತ್ತನಾಗಿ ಎಂಟು ತಿಂಗಳೂ ಆಗಿರಲಿಲ್ಲ, ಹಾರ್ಡ್‌ವೇರ್ ಅಂಗಡಿಯವನು ಪಕ್ಕದಲ್ಲಿ ಕೂತಿದ್ದ ತನ್ನ ಭಾವನಿಗೆ ನನ್ನನ್ನು ತೋರಿಸಿ, "ಇವ್ರು ಯಾರು ಗೊತ್ತಾ? ನಮ್ಮ ಮೋಟಾರಕ್ಕನ ಯಜಮಾನ್ರು" ಅಂದ. ಬಲ್ಬು ಕೊಳ್ಳಲು ಹೋದವನು ಬಲ್ಬು ಕೊಳ್ಳದೆ ಮನೆಗೆ ಬಂದೆ.

ಮೋಟಾರಕ್ಕ ಎಂದರೆ ನನ್ನ ಹೆಂಡತಿ. ಅವಳ ಬಗ್ಗೆ ಬರೆಯುತ್ತೇನೆ ಎಂದಾಗ ಮಗಳು ಫೋನಿನಲ್ಲಿ ನಕ್ಕಳು. "ಹೊಟ್ಟೆಕಿಚ್ಚು ಪಟ್ಕೊಂಡು ಬರೀಬೇಡಿ ಅಪ್ಪಾ" ಅಂದಳು. ಬೇರೆ ಹೇಗೆ ಬರೆಯಲಿ? ಸದ್ಯಕ್ಕೆ ನನ್ನ ಹತ್ತಿರ ಇರುವುದೇ ಅದು.

ಅವಳ ಅಪ್ಪನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಮೋಟಾರಿನ ಹೊಟ್ಟೆಯೊಳಗಿನ ತಾಮ್ರದ ತಂತಿಯನ್ನು ಕಿತ್ತು, ಅಷ್ಟೇ ಸುತ್ತಿನ ಹೊಸ ತಂತಿ ಸುತ್ತಿ ಕೂರಿಸುವ ಕೆಲಸ. ಒಂಬತ್ತನೇ ವಯಸ್ಸಿಗೇ ಅಪ್ಪನ ಪಕ್ಕ ಸ್ಟೂಲಿನ ಮೇಲೆ ಕೂತು ಸುತ್ತು ಎಣಿಸಿಕೊಡುತ್ತಿದ್ದಳಂತೆ. ಅದೇ ಹುಡುಗಿ ಹತ್ತನೇ ತರಗತಿಯ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದಳು. ಮದುವೆಯ ಮಾತುಕತೆಯ ದಿನ ನನ್ನ ಸೋದರಮಾವ, "ಹುಡುಗ ಗಣಿತದ ಮೇಷ್ಟ್ರು, ಹುಡುಗಿ ಗಣಿತದಲ್ಲೇ ಫೇಲು, ಲೆಕ್ಕ ಸರಿಹೋಯ್ತಲ್ಲ" ಎಂದು ತಮಾಷೆ ಮಾಡಿದ್ದರು. ಆ ತಮಾಷೆಯನ್ನು ನಾನು ಮೂವತ್ತು ವರ್ಷ ಬಿಡಲಿಲ್ಲ. ನೆಂಟರ ಮುಂದೆ ಹೇಳಿದೆ, ಜೊತೆಯ ಮೇಷ್ಟರುಗಳ ಮುಂದೆ ಹೇಳಿದೆ. ಅವಳು ನಗುತ್ತಿದ್ದಳು. ನಗುತ್ತಿದ್ದಳು ಎಂದೇ ನಾನು ತಿಳಿದುಕೊಂಡಿದ್ದೆ.

ಅವಳ ಅಪ್ಪ ತೀರಿಕೊಂಡ ಮೇಲೆ ಅಂಗಡಿಯ ಬೆಂಚನ್ನು ನಮ್ಮ ಮನೆಯ ಹಿಂದಿನ ವರಾಂಡಕ್ಕೆ ತರಿಸಿಕೊಂಡಳು. ನೆರೆಯವರ ಫ್ಯಾನು, ಮಿಕ್ಸಿ, ನೀರಿನ ಪಂಪು ಎಲ್ಲ ಅಲ್ಲಿಗೇ ಬರುತ್ತಿದ್ದವು. ಅದು ಅವಳ ಹೊತ್ತು ಕಳೆಯುವ ದಾರಿ ಎಂದು ನಾನು ಹೇಳುತ್ತಿದ್ದೆ. ಹಾಗಿರುವಾಗ, ಹಳೆಯ ಐಸ್ ಫ್ಯಾಕ್ಟರಿಯ ಕಟ್ಟಡದಲ್ಲಿ ಒಂದು ಕಲಿಕೆ ಕೇಂದ್ರ ಶುರುವಾಯಿತು. ಶಾಲೆ ಬಿಟ್ಟವರು, ಶಾಲೆಯೇ ಕೈಬಿಟ್ಟವರು, ಹದಿನಾರರಿಂದ ಇಪ್ಪತ್ತೆರಡರವರೆಗಿನ ಹುಡುಗ ಹುಡುಗಿಯರಿಗೆ ಒಂದು ಕಸುಬು ಕಲಿಸಿ ಕೆಲಸಕ್ಕೆ ಹಚ್ಚುವುದು ಅದರ ಉದ್ದೇಶ. ವೈಂಡಿಂಗ್ ಕಲಿಸಲು ಅವರು ಹುಡುಕಿಕೊಂಡು ಬಂದದ್ದು ನಮ್ಮ ಮನೆಯ ಹಿಂಬಾಗಿಲಿಗೆ. ಮುಂಬಾಗಿಲಲ್ಲಿ ಪೇಪರ್ ಓದುತ್ತ ಕೂತಿದ್ದ ನನ್ನನ್ನು, "ಮೇಡಂ ಇದಾರಾ?" ಎಂದು ಕೇಳಿ ದಾಟಿಕೊಂಡು ಹೋದರು.

ನಾನು ನಿವೃತ್ತನಾಗುವ ಹೊತ್ತಿಗೆ ಅವಳು ಅಲ್ಲಿ ಐದು ವರ್ಷ ಕಳೆದಿದ್ದಳು. "ಸುಮ್ನೆ ಮನೇಲಿ ಕೂತು ನನ್ನ ಅಡಿಗೆಮನೆ ಡಬ್ಬಿಗಳಿಗೆ ಲೇಬಲ್ ಅಂಟಿಸೋ ಬದಲು ಅಲ್ಲಿಗೆ ಬನ್ರಿ" ಅಂದಳು ಒಂದು ದಿನ. "ಮಕ್ಕಳಿಗೆ ಅಳತೆ, ಶೇಕಡಾ ಎಲ್ಲ ಬೇಕು. ವಾರಕ್ಕೆ ಮೂರು ಮಧ್ಯಾಹ್ನ." ನಾನು ಬೇಡ ಬೇಡ ಎನ್ನುತ್ತಲೇ ಅಂಗಿಗೆ ಇಸ್ತ್ರಿ ಹಾಕಿಸಿದೆ. ಪಾಠ ಎಂದರೇನೆಂದು ಅವಳಿಗೂ ಒಮ್ಮೆ ತೋರಿಸಬೇಕಿತ್ತು.

ಬೆಳಿಗ್ಗೆಯೇ ಅವಳ ಜೊತೆ ಹೋಗಿ ನೋಡಿದರೆ ಅಲ್ಲಿ ಪಾಠವೇ ಇಲ್ಲ. ಬೆಳಿಗ್ಗೆ ಬಂದ ಕೂಡಲೇ ಒಬ್ಬೊಬ್ಬರೇ ನಿಂತು, "ನಂಗೆ ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಿ" ಎಂದು ಗಟ್ಟಿಯಾಗಿ ಹೇಳುವ ಅಭ್ಯಾಸ. ಕೆಲಸದ ಜಾಗದಲ್ಲಿ ಇದೊಂದು ಮಾತು ಬಾಯಿಗೆ ಬಂದರೆ ಅರ್ಧ ಗೆದ್ದಂತೆ ಎಂದು ಅವಳ ವಾದ. ನನ್ನ ತರಗತಿಯಲ್ಲಿ ಯಾರಾದರೂ ಹಾಗೆ ಹೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಆಮೇಲೆ ಹನ್ನೊಂದು ಜನ ಅವಳ ಬೆಂಚನ್ನು ಮುತ್ತಿಕೊಂಡು ಕೂರುತ್ತಿದ್ದರು. ಒಬ್ಬ ಕಾಲು ಅಲ್ಲಾಡಿಸುತ್ತಿದ್ದ, ಒಬ್ಬಳು ಹಾಡು ಗುನುಗುತ್ತಿದ್ದಳು. ಇವಳು ಚಕಾರ ಎತ್ತುತ್ತಿರಲಿಲ್ಲ. ಯಾರಾದರೂ ತಂತಿ ಕತ್ತರಿಸಿ ಹಾಳು ಮಾಡಿದರೆ, "ಸರಿ, ಈಗೇನು ಮಾಡೋಣ?" ಎಂದು ಕೇಳುತ್ತಿದ್ದಳು. ಮನೆಯಲ್ಲಿ ನನ್ನ ಕನ್ನಡಕ ಎಲ್ಲಿ ಎಂದರೆ ಸಿಡುಕುವ ಹೆಂಗಸು ಇವಳೇನಾ ಎಂದು ನನಗೆ ನಂಬಿಕೆ ಬರಲಿಲ್ಲ. ಆ ತಾಳ್ಮೆಯಲ್ಲಿ ಒಂದು ಚಮಚದಷ್ಟಾದರೂ ನನ್ನ ಪಾಲಿಗೆ ಬಂದಿರಲಿಲ್ಲ.

ಅವರ ನಡುವೆ ಕಿಟಕಿಯೂ ಇದ್ದ. ಕಿಟಕಿ ಎಂದು ಹೆಸರಿಟ್ಟವನು ನಾನೇ. ಎಂಟನೇ ತರಗತಿಯಿಂದ ಹತ್ತರವರೆಗೆ ನನ್ನ ಪಾಠದಲ್ಲಿ ಅವನ ಮುಖ ಹಲಗೆಯ ಕಡೆ ತಿರುಗಿದ್ದು ನಾನು ಕಂಡಿಲ್ಲ. ಮೂರು ವರ್ಷ ಕಿಟಕಿಯಿಂದ ಹೊರಗೇ ನೋಡಿದ. ಹೆಸರು ಶಾಲೆಗೆಲ್ಲ ಅಂಟಿತು, ಕೇಂದ್ರದ ಬಾಗಿಲವರೆಗೂ ಹಿಂದೆಯೇ ಬಂತು. ನನ್ನ ಹೆಂಡತಿ ಮಾತ್ರ ಅವನನ್ನು "ಮರಿ" ಅನ್ನುತ್ತಿದ್ದಳು.

ಈ ಕಿಟಕಿ ಅವಳ ಪಕ್ಕ ಕೂತು ಹ್ಯಾಂಡಲ್ ತಿರುಗಿಸುತ್ತ ತಂತಿ ಸುತ್ತುವುದನ್ನು ನೋಡಬೇಕಿತ್ತು. ಅಚ್ಚಿನ ಮೇಲೆ ತಂತಿ ಸಾಲಾಗಿ ಕೂರುತ್ತಿತ್ತು, ತುಟಿ ಸಣ್ಣಗೆ ಅಲುಗುತ್ತಿತ್ತು. ಮಧ್ಯೆ ಯಾರಾದರೂ ಮಾತಾಡಿಸಿದರೆ ಉತ್ತರ ಕೊಟ್ಟು, ಬಿಟ್ಟ ಎಣಿಕೆಯಿಂದಲೇ ಮತ್ತೆ ಹಿಡಿಯುತ್ತಿದ್ದ. ಆಗಾಗ ತಲೆಯೆತ್ತಿ ಅವಳ ಮುಖ ನೋಡುತ್ತಿದ್ದ. ಅವಳು ಸುಮ್ಮನೆ ನೋಡುತ್ತಿದ್ದಳು. ಅಷ್ಟಕ್ಕೇ ಅವನಿಗೆ ಏನೋ ಸಿಕ್ಕಂತಾಗಿ ಮುಂದುವರಿಯುತ್ತಿದ್ದ. ಆ ನೋಟ ಕಂಡಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೂರು ವರ್ಷ ಗಂಟಲು ಹರಿದುಕೊಂಡರೂ ಒಂದು ಸಲ ನನ್ನತ್ತ ಹಾಗೆ ನೋಡಿದವನಲ್ಲ. ಮಧ್ಯಾಹ್ನ ನನ್ನ ಶೇಕಡಾ ಲೆಕ್ಕಕ್ಕೆ ಬಂದು ಕೂತರೆ ಅದೇ ಹಳೆಯ ಚಾಳಿ. ಐಸ್ ಫ್ಯಾಕ್ಟರಿಯ ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಗೋಡೆ ನೋಡಿಕೊಂಡು ಕೂರುತ್ತಿದ್ದ.

ಅವಳ ಬೆಂಚಿನದು ಒಂದು ಕಟ್ಟುನಿಟ್ಟಿನ ಪದ್ಧತಿ. ಹಳೆಯ ತಂತಿ ಕೀಳುವಾಗ ಒಂದೊಂದು ಸುರುಳಿಯಲ್ಲಿ ಎಷ್ಟು ಸುತ್ತಿದೆ ಎಂದು ಎರಡು ಸಲ ಎಣಿಸಬೇಕು, ಗಟ್ಟಿಯಾಗಿ ಹೇಳಬೇಕು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ಎಣಿಸಿದವನಲ್ಲದೆ ಬೇರೆ ಯಾರೂ ಆ ಅಂಕಿ ಮುಟ್ಟುವಂತಿಲ್ಲ, ಅವಳು ಕೂಡ. ಮೊದಲ ದಿನವೇ ನನಗೆ ಇದನ್ನು ಹೇಳಿದ್ದಳು. ನಾನು ಹೂಂ ಅಂದಿದ್ದೆ.

ಊರಾಚೆಯ ನೂಲಿನ ಗಿರಣಿಯ ರಿಪೇರಿ ವಿಭಾಗಕ್ಕೆ ಒಬ್ಬರು ಬೇಕಾಗಿದ್ದರು. ಖಾಯಂ ಕೆಲಸ. ಗಿರಣಿಯ ಫೋರ್‌ಮನ್ ಒಂದು ಸುಟ್ಟ ಪಂಪ್ ಮೋಟಾರ್ ತಂದಿಟ್ಟು, "ನಿಮ್ಮಲ್ಲಿ ಯಾರು ಚೆನ್ನಾಗಿ ಮಾಡ್ತಾರೋ ಅವರ ಕೈಲಿ ಮಾಡ್ಸಿ. ಶುಕ್ರವಾರ ಬಂದು ಓಡಿಸಿ ನೋಡ್ತೀನಿ" ಎಂದು ಹೇಳಿಹೋದ. ನನ್ನ ಹೆಂಡತಿ ಒಂದು ಕ್ಷಣವೂ ಯೋಚಿಸಲಿಲ್ಲ. ಮೋಟಾರನ್ನು ಕಿಟಕಿಯ ಮುಂದೆ ಇಟ್ಟು, ತಾನು ಬೆನ್ನು ತಿರುಗಿಸಿ ಉಳಿದವರ ಜೊತೆ ಕೂತಳು. ಪರೀಕ್ಷೆ ಅವನದು, ತನ್ನ ಕಣ್ಣೂ ಬೀಳಬಾರದು ಎಂದು.

ಹತ್ತನೇ ತರಗತಿ ದಾಟದ ಹುಡುಗನಿಗೆ ಗಿರಣಿಯ ಕೆಲಸ. ನಾನು ಮೊದಲ ದರ್ಜೆಯಲ್ಲಿ ಪಾಸಾಗಿ ನಾಲ್ಕು ವರ್ಷ ಟ್ಯೂಷನ್ ಹೇಳಿಕೊಂಡು ಅಲೆದವನು. ಸಂಜೆ ಅವಳು ಮನೆಯಲ್ಲಿ, "ಮರಿಗೆ ಸಿಕ್ಕೇ ಸಿಗುತ್ತೆ ನೋಡ್ರಿ" ಎಂದು ಮೂರು ಸಲ ಹೇಳಿದಳು. ಮೂರನೇ ಸಲಕ್ಕೆ ನಾನು ತಟ್ಟೆ ಬಿಟ್ಟು ಎದ್ದೆ.

ಬುಧವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಆ ಗೋಡೆಯ ಮುಂದೆ ನಿಂತೆ. ಮೂವತ್ತಾರು, ಐವತ್ತೆಂಟು, ಎಪ್ಪತ್ತನಾಲ್ಕು ಎಂದು ಬರೆದಿದ್ದ. ಸಣ್ಣ, ಮಧ್ಯದ, ದೊಡ್ಡ ಸುರುಳಿಗಳು. ನನ್ನ ಎದೆ ಹಗುರಾಯಿತು. ಸಂತೋಷವಾಯಿತು ಎಂದೇ ಹೇಳುತ್ತೇನೆ. ಮೋಟಾರ್ ಎಂದರೆ ದುಂಡಗಿನ ವಸ್ತು, ಎಲ್ಲ ಕಡೆ ಸಮ ಇರಬೇಕು. ಒಂದೇ ಮೋಟಾರಿನಲ್ಲಿ ಮೂರು ಸುರುಳಿಗೆ ಮೂರು ಲೆಕ್ಕ ಎಲ್ಲಾದರೂ ಉಂಟೇ? ಎಣಿಸುವಾಗ ಇವನು ಮತ್ತೆ ಎಲ್ಲೋ ನೋಡಿದ್ದಾನೆ. ಮೂರನ್ನೂ ಕೂಡಿಸಿದೆ, ನೂರ ಅರವತ್ತೆಂಟು. ಮೂರರಿಂದ ಭಾಗಿಸಿದರೆ ಶೇಷವೇ ಇಲ್ಲದೆ ಐವತ್ತಾರು ಬಂತು. ಇಷ್ಟು ಚೊಕ್ಕ ಉತ್ತರ ತಪ್ಪಾಗಲು ಸಾಧ್ಯವೇ ಇಲ್ಲ ಅನ್ನಿಸಿತು. ಹೆಂಡತಿಯನ್ನು ಒಂದು ಮಾತು ಕೇಳಬಹುದಿತ್ತು, ಹತ್ತು ಹೆಜ್ಜೆ ದೂರದಲ್ಲಿ, ಬಾಗಿಲಾಚೆ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ಕೇಳಲಿಲ್ಲ. ಅಂಗೈಯಿಂದ ಒರೆಸಿ, ನನ್ನ ದುಂಡಗಿನ ಅಕ್ಷರದಲ್ಲಿ ಮೂರು ಸಲ ಐವತ್ತಾರು ಎಂದು ಬರೆದೆ.

ಅವನು ಬಂದ. ಗೋಡೆ ನೋಡುತ್ತ ಸ್ವಲ್ಪ ಹೊತ್ತು ನಿಂತ. ಮೂಲೆಯ ಮೇಜಿನ ಹಿಂದೆ ಪುಸ್ತಕದಲ್ಲಿ ಮುಖ ಹುದುಗಿಸಿದ್ದ ನಾನು, ಈಗ ಕೇಳುತ್ತಾನೆ, ಈಗ ಎದ್ದು ಹೋಗಿ ವಿವರಿಸಬಹುದು ಎಂದು ಕಾಯುತ್ತಿದ್ದೆ. ಕೇಳಲಿಲ್ಲ. ಕೂತು ಸುತ್ತತೊಡಗಿದ.

ಶುಕ್ರವಾರ ಫೋರ್‌ಮನ್ ಬಂದ. ವಾರ್ನಿಶ್ ಹಚ್ಚುವ ಮೊದಲು ಒಮ್ಮೆ ಓಡಿಸಿ ನೋಡುವುದು ರೂಢಿ. ಸ್ವಿಚ್ ಹಾಕಿದರು. ಮೋಟಾರ್ ತಿರುಗಿತು, ಆದರೆ ಗೊರಗೊರ ಎಂದು ನರಳುತ್ತ ತಿರುಗಿತು. ಹತ್ತು ನಿಮಿಷದಲ್ಲಿ ಮೈ ಮುಟ್ಟಲಾಗದಷ್ಟು ಕಾದು ಸುಟ್ಟ ವಾಸನೆ ಬಂತು. ಫೋರ್‌ಮನ್ ತಾನೇ ಸ್ವಿಚ್ ಆರಿಸಿದ.

"ಸುತ್ತಿನ ಲೆಕ್ಕ ತಪ್ಪಿದೆ. ಯಾರು ಎಣಿಸಿದ್ದು?" ಎಂದು ಕೇಳಿದ.

"ನಾನೇ ಸಾರ್" ಅಂದ ಕಿಟಕಿ. "ನಂದೇ ತಪ್ಪು."

ನನ್ನ ಹೆಂಡತಿ ಆಗ ಮೊದಲ ಸಲ ಗೋಡೆಯ ಕಡೆ ತಿರುಗಿದಳು. ಮೂರು ಐವತ್ತಾರು. ಮೂವತ್ತು ವರ್ಷ ನನ್ನ ಅಕ್ಷರ ನೋಡಿದವಳು ಅವಳು. ನನ್ನ ಮುಖ ನೋಡಲಿಲ್ಲ, ಅವನನ್ನೇ ಕೇಳಿದಳು.

"ಮರಿ, ಮೊದ್ಲು ನೀನು ಬರ್ದಿದ್ದು ಎಷ್ಟು?"

"ಮೂವತ್ತಾರು, ಐವತ್ತೆಂಟು, ಎಪ್ಪತ್ನಾಲ್ಕು" ಅಂದ. ತಡವರಿಸಲಿಲ್ಲ.

"ಎರಡು ಸಲ ಎಣಿಸಿದ್ದೆಯಾ?"

"ಮೂರು ಸಲ ಅಕ್ಕ."

"ಈ ಮೋಟಾರಲ್ಲಿ ಮೂರೂ ಬೇರೆ ಬೇರೆ ಇರ್ಬೇಕು ಅಂತ ಗೊತ್ತಿತ್ತಲ್ಲ ನಿಂಗೆ?"

"ಗೊತ್ತಿತ್ತು."

"ಮತ್ತೆ?"

ಅವನು ನೆಲ ನೋಡಿದ. "ಮೇಷ್ಟ್ರ ಅಕ್ಷರ ಇತ್ತಲ್ಲಕ್ಕ. ಅವ್ರು ತಿದ್ದಿದಾರೆ ಅಂದ್ರೆ ನಂದೇ ತಪ್ಪಿರುತ್ತೆ."

ಅವನು ಚುಚ್ಚಿ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಚುಚ್ಚಲಿಲ್ಲ. ಬೆಳಗಾಯಿತು ಎಂದು ಹೇಳುವಂತೆ ಹೇಳಿದ. ಬಾಯಿಗೆ ಬಂದ ಮೊದಲ ಮಾತು, ಸಮ ಇರಬೇಕು ಎಂದುಕೊಂಡೆ ಎನ್ನುವ ಸಮಜಾಯಿಷಿ. ಅದನ್ನು ನುಂಗಿದೆ. "ನಾನು ಅಳಿಸಿ ಬರೆದದ್ದು. ಅವನದು ಸರಿಯಾಗಿಯೇ ಇತ್ತು" ಎಂದು ಹೇಳಿದೆ. ಫೋರ್‌ಮನ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ವೈಂಡಿಂಗ್ ಕಲ್ತವ್ರಾ?" ಅಂದ. ಇಲ್ಲ ಅಂದೆ. "ಹಾಗಾದ್ರೆ ಯಾಕೆ ಮುಟ್ಟಿದ್ರಿ?" ಅದಕ್ಕೆ ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು, ಆದರೆ ಹನ್ನೊಂದು ಮಕ್ಕಳ ಮುಂದೆ ಹೇಳುವಂಥದ್ದಾಗಿರಲಿಲ್ಲ. ಫೋರ್‌ಮನ್ ಸೋಮವಾರದವರೆಗೆ ಸಮಯ ಕೊಟ್ಟು ಹೋದ.

ಮನೆಯಲ್ಲಿ ಅವಳು ಬೈಯಲಿಲ್ಲ, ಮುಖ ಗಂಟು ಹಾಕಿಕೊಳ್ಳಲೂ ಇಲ್ಲ. ಕೈ ತೊಳೆಯುತ್ತ, "ಅವನು ಸುಳ್ಳು ಹೇಳಿ ನಿಮ್ಮನ್ನ ಕಾಪಾಡ್ದ ಅಂದ್ಕೊಂಡ್ರಾ?" ಎಂದು ಕೇಳಿದಳು. "ಇಲ್ಲ ಕಣ್ರೀ. ತಪ್ಪು ಯಾವಾಗ್ಲೂ ತನ್ನದೇ ಅಂತ ಅವನು ನಿಜವಾಗ್ಲೂ ನಂಬಿದಾನೆ. ಆ ನಂಬಿಕೆ ಬಿಡಿಸೋಕೆ ನಂಗೆ ಎರಡು ವರ್ಷ ಹಿಡೀತು. ಅದನ್ನ ವಾಪಸ್ ಕೂರಿಸೋಕೆ ನಿಮಗೆ ಒಂದು ಸೀಮೆಸುಣ್ಣ ಸಾಕಾಯ್ತು."

ಅವನಿಗೆ ಗಿರಣಿಯ ಕೆಲಸ ಸಿಕ್ಕಿತು. ಸೋಮವಾರ ಮಧ್ಯಾಹ್ನ ಮೋಟಾರ್ ಸದ್ದೇ ಇಲ್ಲದಂತೆ ಓಡಿತು. ಇವತ್ತಿಗೂ ಅಲ್ಲಿ ಓಡುತ್ತಿದೆ. ಆದರೆ ನನ್ನನ್ನು ಬಿಡದೆ ಕಾಡುವುದು ಅದಕ್ಕೂ ಹಿಂದಿನ ಭಾನುವಾರದ ಬೆಳಿಗ್ಗೆ. ಹೊಸ ತಂತಿ ಸುತ್ತಲು ಕೂತಿದ್ದ. ಇನ್ನೊಬ್ಬರು ಜೊತೆಗಿರಬೇಕು ಎಂದು ನನ್ನ ಹೆಂಡತಿ ನನ್ನನ್ನೇ ಅವನ ಎದುರು ಕೂರಿಸಿ, ತಾನು ವಾರ್ನಿಶ್ ತರಲು ಅಂಗಡಿಗೆ ಹೋದಳು.

ಅವನು ಹ್ಯಾಂಡಲ್ ತಿರುಗಿಸಿದ. ನಾನು ತುಟಿ ಬಿಗಿಹಿಡಿದು ಕೂತಿದ್ದೆ. ಮೂವತ್ತಾರಕ್ಕೆ ಕೈ ನಿಂತಿತು. ಅವನು ತಲೆಯೆತ್ತಿ ನನ್ನ ಮುಖ ನೋಡಿದ, ನೇರವಾಗಿ, ಕಣ್ಣು ತಪ್ಪಿಸದೆ. ನಾನು ಹೊಟ್ಟೆ ಉರಿದುಕೊಂಡು ಕಾದಿದ್ದ ನೋಟ ಅದು.

"ಸರೀನಾ ಸಾರ್?" ಎಂದು ಕೇಳಿದ.

"ನಂಗೆ ಗೊತ್ತಿಲ್ಲಪ್ಪ" ಅಂದೆ. "ಇದು ನಿನಗೇ ಗೊತ್ತು."

ಅವನು ನಂಬಲಿಲ್ಲ. ಹ್ಯಾಂಡಲ್ ಮೇಲೆ ಕೈಯಿಟ್ಟುಕೊಂಡು, ನಾನು ಉತ್ತರ ಹೇಳಲಿ ಎಂದು ಕಾಯುತ್ತಲೇ ಕೂತ.