ಕೇಬಲ್ ನನ್ನ ಕೈಯಲ್ಲೇ ಇತ್ತು

ದೆವ್ವ, ಪವಾಡ ಎಂದು ಯಾರಾದರೂ ಮಾತು ತೆಗೆದರೆ ಮೊದಲು ಎದ್ದು ಹೋಗುತ್ತಿದ್ದವನು ನಾನು. ಆಸ್ಪತ್ರೆ, ಸಕ್ಕರೆ ಕಾರ್ಖಾನೆಗಳಲ್ಲಿ ಕಂಪ್ಯೂಟರಿನ ಮಾಹಿತಿ ತುಂಬಿಡುವ ದೊಡ್ಡ ಸ್ಟೋರೇಜ್ ಪೆಟ್ಟಿಗೆಗಳನ್ನು ಜೋಡಿಸುವುದು ನನ್ನ ಉದ್ಯೋಗ. ಊರು ಚಿಕ್ಕೋಡಿ, ತಿರುಗಾಟ ನಿಪ್ಪಾಣಿಯಿಂದ ಕಾಗವಾಡದವರೆಗೆ. ಎಷ್ಟೋ ಕಡೆ ಆ ಪೆಟ್ಟಿಗೆಗೂ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿರುತ್ತಾರೆ. ನಾನು ಬಿಚ್ಚಿ ಅವರ ಕೈಗೇ ಕೊಟ್ಟು, "ಉಪ್ಪಿನಕಾಯಿ ಹಾಕ್ರಿ" ಎನ್ನುತ್ತಿದ್ದೆ. ಯಂತ್ರ ಏನು ಮಾಡಿದರೂ ಅದಕ್ಕೊಂದು ಕಾರಣ ಇರುತ್ತದೆ ಎಂದು ಈಗಲೂ ವಾದಿಸುತ್ತೇನೆ. ಆದರೆ ಒಂದು ಮಧ್ಯಾಹ್ನ ನೆನಪಾದರೆ ವಾದ ಅರ್ಧಕ್ಕೇ ನಿಲ್ಲುತ್ತದೆ.

ಅಥಣಿ ಕಡೆಯ ಒಂದು ಆಸ್ಪತ್ರೆ, ಹೆಸರು ಬೇಡ. ಹಳೆಯ ಎಕ್ಸ್-ರೇ ಚಿತ್ರಗಳೆಲ್ಲ ಹಳೆಯ ಕಟ್ಟಡದ ಪೆಟ್ಟಿಗೆಯಲ್ಲಿದ್ದವು. ಅವನ್ನು ನೋಡುವ ಹೊಸ ಕಂಪ್ಯೂಟರ್ ಮಾತ್ರ ಎದುರಿನ ಹೊಸ ಕಟ್ಟಡಕ್ಕೆ ಬಂದಿತ್ತು. ಎರಡೂ ಕಡೆ ಒಂದೊಂದು ಸ್ವಿಚ್, ಅಂದರೆ ಕಂಪ್ಯೂಟರು, ಪೆಟ್ಟಿಗೆಗಳ ಕೇಬಲ್ಲುಗಳೆಲ್ಲ ಬಂದು ಸೇರುವ ಯಂತ್ರ. ಆ ಎರಡನ್ನೂ ಫೈಬರ್ ಕೇಬಲ್ಲಿನಿಂದ ಕೂಡಿಸಿ ಒಂದು ಮಾಡಬೇಕಿತ್ತು. ಕೇಬಲ್ ಚುಚ್ಚಿದ ಮಾತ್ರಕ್ಕೆ ಈ ಕೆಲಸ ಮುಗಿಯುವುದಿಲ್ಲ. ಯಾವ ಕಂಪ್ಯೂಟರಿಗೆ ಯಾವ ಪೆಟ್ಟಿಗೆ ಕಾಣಬೇಕು ಎಂದು ಸ್ವಿಚ್ಚಿನೊಳಗೆ ಗುಂಪು ಮಾಡಿರುತ್ತೇವೆ. ಅದನ್ನು ಝೋನ್ ಎನ್ನುತ್ತೇವೆ. ಜುಗೂಳದ ಹೊಳೆಯಿಂದ ನಾಲ್ಕಾರು ರೈತರು ಕೂಡಿ ಪೈಪ್‌ಲೈನ್ ತಂದಿರುತ್ತಾರಲ್ಲ, ಪೈಪು ಎಲ್ಲರದಾದರೂ ವಾಲ್ವ್ ತೆರೆದ ಹೊಲಕ್ಕೆ ಮಾತ್ರ ನೀರು. ಇದೂ ಹಾಗೆಯೇ.

ಅವತ್ತು ಐಗಳಿಯಿಂದ ದ್ರಾಕ್ಷಿ ತೋಟದ ಬಾಳಪ್ಪ ತನ್ನ ಹೆಂಡತಿ ತಂಗೆವ್ವನನ್ನು ಕರೆತಂದಿದ್ದ. ಆಗಷ್ಟೇ ತೆಗೆದ ಎಕ್ಸ್-ರೇಯಲ್ಲಿ ಆಕೆಯ ಶ್ವಾಸಕೋಶದ ಮೇಲೆ ಒಂದು ಚುಕ್ಕಿ ಕಂಡಿತ್ತು. ಹೊಸದಾಗಿ ಹುಟ್ಟಿದ್ದಾದರೆ ಮಿರಜಕ್ಕೆ ಒಯ್ದು ಎದೆ ಕೊಯ್ಯಬೇಕು. ಹಳೆಯದಾಗಿದ್ದು ಬೆಳೆಯದೇ ಇದ್ದರೆ ಸುಮ್ಮನೆ ಬಿಡಬಹುದು. ಕೆಲವು ವರ್ಷಗಳ ಹಿಂದೆ ಎಮ್ಮೆ ಒದ್ದು ಆಕೆಯ ಪಕ್ಕೆಲುಬು ಮುರಿದಾಗ ಇದೇ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದಿದ್ದರು. ಮನೆಗೆ ಕೊಟ್ಟ ಫಿಲ್ಮು ಎಲ್ಲಿ ಹೋಯಿತೋ ಗೊತ್ತಿಲ್ಲ. ಮಿರಜಕ್ಕೆ ಹೋಗುವ ಗಾಡಿ ಬಾಗಿಲಲ್ಲಿ ನಿಂತಿತ್ತು.

ಬಾಳಪ್ಪ ನನ್ನ ಹತ್ತಿರ ಬಂದು ಕೈಮುಗಿದ. "ಸಾಹೇಬ್ರ, ಹಳೇ ಫೋಟೋ ನಿಮ್ಮ ಪೆಟ್ಟಿಗ್ಯಾಗ ಐತಂತ. ಅಷ್ಟು ತೋರಿಸಿಬಿಡ್ರಿ. ಈಕಿ ಕೊಯ್ಯೂದಂದ್ರ ಜೀವಾನ ಬಿಡ್ತಾಳ್ರಿ."

ನಾನು ಹಳೆಯ ಕಟ್ಟಡಕ್ಕೆ ಓಡಿ ಕೇಬಲ್ ಹಾಕಿದೆ. ಸ್ವಿಚ್ಚುಗಳು ಕೂಡಲಿಲ್ಲ. ಎರಡೂ ಕಡೆಯ ಝೋನಿಗೆ ಒಂದೇ ಹೆಸರಿತ್ತು, ಗುಂಪಿನೊಳಗಿನ ಕಂಪ್ಯೂಟರು, ಪೆಟ್ಟಿಗೆಗಳು ಮಾತ್ರ ಬೇರೆ. ಹಾಗಿದ್ದರೆ ಸ್ವಿಚ್ಚುಗಳು ಒಂದಕ್ಕೊಂದು ಒಪ್ಪುವುದಿಲ್ಲ. ನಡುವೆ ಕೇಬಲ್ ಇದ್ದೂ ಒಂದು ಚಿತ್ರವೂ ದಾಟುವುದಿಲ್ಲ. ಹೆಸರು ಬದಲಿಸಿ ಮತ್ತೆ ಕೂಡಿಸೋಣ ಎಂದು ಕೇಬಲ್ ಕಿತ್ತು ಕೈಯಲ್ಲಿ ಹಿಡಿದೆ. ಅಷ್ಟರಲ್ಲಿ ಹೊಸ ಕಟ್ಟಡದಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ, ತಂಗೆವ್ವನನ್ನು ನೋಡುತ್ತಿದ್ದ ಡಾಕ್ಟರ್ ಮೇಡಂ ಅವರ ಫೋನು ಬಂತು.

"ಬಂತ್ರಿ ಫೋಟೋ! ಛಲೋ ಕಾಣಾಕತ್ತೈತಿ."

"ಮೇಡಂ, ಕೇಬಲ್ ಇನ್ನೂ ನನ್ನ ಕೈಯಾಗ ಐತ್ರಿ."

"ಕೇಬಲ್ ನಿಮ್ಮ ಕೈಯಾಗ ಇರ್ಲಿ, ಫೋಟೋ ನನ್ನ ಕಣ್ಣ ಮುಂದ ಐತಿ."

ಕೇಬಲ್ ನೆಲಕ್ಕೆ ಹಾಕಿ ರಸ್ತೆ ದಾಟಿ ಓಡಿದೆ. ತೆರೆಯ ಮೇಲೆ ತಂಗೆವ್ವನ ಹೆಸರು, ಐಗಳಿ, ಆಗತಾನೆ ಮುರಿದ ಎಲುಬು. ಪಕ್ಕದಲ್ಲಿ ಅವತ್ತು ತೆಗೆದ ಹೊಸ ಚಿತ್ರ. ಅದೇ ಎಲುಬು ಕೂಡಿಕೊಂಡು ಗಂಟಾಗಿತ್ತು. ಎರಡರಲ್ಲೂ ಅದೇ ಜಾಗದಲ್ಲಿ ಅಷ್ಟೇ ದೊಡ್ಡ ಚುಕ್ಕಿ. ನನಗೆ ಸಂತೋಷವಾಗಬೇಕಿತ್ತು, ಹೆದರಿಕೆಯಾಯಿತು. ಮೇಡಂ ಗಾಡಿಯನ್ನು ಹಿಂದಕ್ಕೆ ಕಳಿಸಿದರು. ತಂಗೆವ್ವ ಸೆರಗು ಬಾಯಿಗೆ ಹಿಡಿದು ಅತ್ತಳು.

ಸಂಜೆಯೊಳಗೆ ಝೋನಿನ ಹೆಸರು ಬದಲಿಸಿ ಸ್ವಿಚ್ಚುಗಳನ್ನು ಸರಿಯಾಗಿ ಕೂಡಿಸಿದೆ. ಹಳೆಯ ಪೆಟ್ಟಿಗೆಯಲ್ಲಿ ಸಾವಿರಾರು ಚಿತ್ರಗಳು ಕಂಡವು. ತಂಗೆವ್ವನದು ಇರಲಿಲ್ಲ. ಆ ವರ್ಷದ ಚಿತ್ರಗಳಿದ್ದ ಡಿಸ್ಕುಗಳು ಎಂದೋ ಕೆಟ್ಟು, ತೆಗೆದುಹಾಕಿದ್ದರಂತೆ. ಮೇಡಂ ತೆರೆಯ ಮೇಲಿನ ಚಿತ್ರವನ್ನು ಮುಚ್ಚಿದ್ದರು. ಮತ್ತೆ ತೆರೆಯಲು ಹೋದರೆ ಬರಲಿಲ್ಲ. ಹೊಸ ಕಂಪ್ಯೂಟರಿನಲ್ಲಿ ಮೊದಲೇ ನಕಲು ಇತ್ತೇ ಎಂದು ಜಾಲಾಡಿದೆ. ಅದು ಡಬ್ಬಿಯಿಂದ ಹೊರಬಂದದ್ದೇ ಆ ವಾರ. ಹಾಗಾದರೆ ನಾವು ನೋಡಿದ್ದೇನು? ಇಲ್ಲದ ಚಿತ್ರವನ್ನು ನಂಬಿ ಒಬ್ಬ ಹೆಂಗಸನ್ನು ಮನೆಗೆ ಕಳಿಸಿದೆವೇ? ಎಷ್ಟೋ ದಿನ ಊಟ ರುಚಿಸಲಿಲ್ಲ. ಮೇಡಂಗೆ ಎಲ್ಲ ಹೇಳಿದೆ. ಅವರೂ ಕಳವಳಗೊಂಡು ತಂಗೆವ್ವನನ್ನು ಮತ್ತೆ ಮತ್ತೆ ಕರೆಸಿ ನೋಡಿದರು. ಚುಕ್ಕಿ ಬೆಳೆದಿರಲಿಲ್ಲ.

ಮುಂದಿನ ದ್ರಾಕ್ಷಿ ಸುಗ್ಗಿಯಲ್ಲಿ ಮೇಡಂ ನನ್ನನ್ನೂ ಆಸ್ಪತ್ರೆಗೆ ಕರೆದರು. ಬಾಳಪ್ಪ ಒಂದು ಚೀಲ ಒಣದ್ರಾಕ್ಷಿ, ಜೊತೆಗೆ ಕಳೆದುಹೋಗಿದ್ದ ಫಿಲ್ಮು ತಂದಿದ್ದ. "ಗ್ರಹಣ ನೋಡಾಕಂತ ಬಾಜೂ ಮನ್ಯಾವ್ರು ಒಯ್ದಿದ್ರರಿ. ಈಗ ತಂದ ಕೊಟ್ರು."

ಮೇಡಂ ಅದನ್ನು ಕಿಟಕಿಗೆ ಹಿಡಿದರು. ಮುರಿದ ಎಲುಬು, ಚುಕ್ಕಿ, ಎಲ್ಲವೂ ಅವತ್ತು ತೆರೆಯ ಮೇಲೆ ಕಂಡಂತೆಯೇ. ನನ್ನ ಎದೆಯ ಭಾರ ಇಳಿಯಿತು, ತಲೆಯ ಗೊಂದಲ ಇಮ್ಮಡಿಯಾಯಿತು.

"ಇದ ಫೋಟೋನ ಅಲ್ಲೇನ್ರಿ, ಅವತ್ತು ನೀವು ತೋರ್ಸಿದ್ದು?" ಎಂದ ಬಾಳಪ್ಪ.

ಫೋಟೋ ಅದೇ. ಆದರೆ ತೋರಿಸಿದ್ದು ನಾನಲ್ಲ. ಮೇಡಂ ಫಿಲ್ಮನ್ನು ಮತ್ತೊಮ್ಮೆ ಕಿಟಕಿಗೆ ಹಿಡಿದರು. ಉತ್ತರಕ್ಕೆ ಕಾಯುತ್ತ ಬಾಳಪ್ಪ ನನ್ನ ಬೊಗಸೆಗೆ ಒಣದ್ರಾಕ್ಷಿ ಸುರಿಯುತ್ತಲೇ ಇದ್ದ.