ವಾಸನೆ ತಿಳಿಯದ ಪ್ಲಂಬರ್

ತೊಂಬತ್ತಾರರ ಬೇಸಿಗೆಯ ಒಂದು ಬೆಳಿಗ್ಗೆ ದೇವರಾಜ ಮೊಹಲ್ಲಾದ ನಮ್ಮ ಹಳೆಯ ಮನೆಯಲ್ಲಿ, ನೆಲಮಾಳಿಗೆಗೆ ಇಳಿಯುವ ಮೂರನೆಯ ಮೆಟ್ಟಿಲ ಮೇಲೆ ನಾನು ಮೂಗು ಮುಚ್ಚಿಕೊಂಡು ನಿಂತಿದ್ದೆ. ಕೆಳಗೆ ಗಿರಿಜಕ್ಕನ ಹೊಲಿಗೆ ತರಗತಿ. ಚರಂಡಿಯ ನಾತ ತಾಳಲಾರದೆ ಹನ್ನೆರಡು ಹುಡುಗಿಯರಲ್ಲಿ ಒಂಬತ್ತು ಮಂದಿ ಬಿಟ್ಟುಹೋಗಿದ್ದರು. ಅಂದು ಸರಿಹೋಗದಿದ್ದರೆ ತರಗತಿ ಮುಚ್ಚಬೇಕೆಂದು ಅಪ್ಪ ಹೇಳಿಬಿಟ್ಟಿದ್ದರು.

ಬಂದ ಪ್ಲಂಬರಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಯಾವುದೋ ಜ್ವರದಲ್ಲಿ ಹೋಯಿತಂತೆ.

“ಮೂಗಿಲ್ಲದೋರು ಏನ್ರೀ ಹುಡುಕ್ತೀರಿ?” ಎಂದರು ಅಪ್ಪ.

“ನಾತ ಗಾಳಿ ಮೇಲೇ ತಾನೆ ಸ್ವಾಮಿ ಬರೋದು? ಗಾಳಿ ಹಿಡೀರಿ.”

ಯಾರು ಏನು ಕೇಳಿದರೂ ಅವರದು ಅದೇ ಮಾತು: ಗಾಳಿ ಹಿಡೀರಿ.

ಅವರು ಕೈಯ ಹಿಂಬದಿಯನ್ನು ಒದ್ದೆ ಮಾಡಿಕೊಂಡು, ನೆಲದಿಂದ ಒಂದು ಗೇಣು ಮೇಲೆ ಮೆಲ್ಲಗೆ ಸರಿಸುತ್ತಾ ಹೋದರು. ಒರಳುಕಲ್ಲಿನ ಪಕ್ಕದ ಚರಂಡಿ ಜಾಲರಿಯ ಮೇಲೆ ಗಾಳಿ ತಣ್ಣಗೆ ತಾಗಿ ಕೈ ನಿಂತಿತು.

“ಇಲ್ಲಿ ರುಬ್ಬೋದು ಯಾವಾಗ ಬಿಟ್ರಿ ಅಕ್ಕಾ?”

“ಗ್ರೈಂಡರ್ ತಂದ ಮೇಲೆ. ಸಂಕ್ರಾಂತಿಗೆ.”

“ಅಷ್ಟೇ ಕಣಮ್ಮ. ಕಲ್ಲು ತೊಳೆದ ನೀರು ಒಳಗಿನ ಬಗ್ಗಿದ ಪೈಪಲ್ಲಿ ನಿಂತು ನಾತ ತಡೀತಿತ್ತು. ಈಗ ಒಣಗೋಗಿದೆ.”

ಒಂದು ಕೊಡ ನೀರು ಸುರಿದರು. ಕಿಟಕಿ ತೆರೆದು ಅರ್ಧ ಗಂಟೆ ಕಾದೆವು. ಆಮೇಲೆ ಅವರು ನಮ್ಮೊಬ್ಬೊಬ್ಬರ ಮುಖವನ್ನೂ ನೋಡಿ, “ಹೋಯ್ತಾ?” ಎಂದು ಕೇಳಿದರು. ನಾನು ಮೂಗಿನಿಂದ ಕೈ ತೆಗೆದೆ. ಹೊಸ ಬಟ್ಟೆಯ ವಾಸನೆ, ಮೆಷಿನ್ ಎಣ್ಣೆಯ ವಾಸನೆ. ಬೇರೇನೂ ಇರಲಿಲ್ಲ.

“ಹೋಯ್ತು ಕಣ್ರೀ!” ಎಂದು ಕೂಗಿದ ಅಕ್ಕ, ಬಿಟ್ಟುಹೋದ ಹುಡುಗಿಯರನ್ನು ಕರೆತರಲು ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದಳು. ಸಂಜೆಗೆ ಒಂಬತ್ತು ಮಂದಿಯೂ ಬಂದು ಕೂತಿದ್ದರು.

ಅಪ್ಪ ಈಗಿಲ್ಲ, ಆ ಪ್ಲಂಬರೂ ಇಲ್ಲ. ಅಕ್ಕ ಇದ್ದಾಳೆ. ಅಂದು ಕೆಳಗೆ ಕತ್ತರಿ ಹಿಡಿದು ಕೂತಿದ್ದ ನಾಗರತ್ನ ದಟ್ಟಗಳ್ಳಿಯಲ್ಲಿ ತನ್ನದೇ ಹೊಲಿಗೆ ಅಂಗಡಿ ನಡೆಸುತ್ತಿದ್ದಾಳೆ. ನಂಬಿಕೆ ಬಾರದಿದ್ದರೆ ಕೇಳಿ, ಇಬ್ಬರೂ ಕಣ್ಣಾರೆ ನೋಡಿದವರು.